ಅರೆ ಎಣಿಕೆ ಮೊದಲು

ಐವರಲ್ಲಿ ನನ್ನದು ಕೆಳಗಿನ ದನಿ.
ಡೂಂ, ಡೂಂ, ಡೂ-ವಾ, ಇಷ್ಟೇ ನನ್ನ ಸಾಹಿತ್ಯ.
ಬಾಯಿಪಾಠಕ್ಕೆ ಒಂದು ಸಂಜೆಯೂ ಬೇಡ,
ಹಾಡಲು ಮಾತ್ರ
ಹೊಟ್ಟೆಯಡಿಯ ಉಸಿರೆಲ್ಲ ಬೇಕು.

ನ್ಯೂವಾರ್ಕ್, ಐವತ್ತಾರರ ಚಳಿಗಾಲ.
ಮೆಟ್ಟಿಲ ಬುಡದಲ್ಲಿ ಹಾಡುತ್ತಿದ್ದೆವು,
ಅಲ್ಲಿ ಗೋಡೆಯೇ ಆರನೆಯ ಹಾಡುಗಾರ.
ಮೂರನೇ ಮಹಡಿಯ ಮಿಸೆಸ್ ಪೆಟಿಫೋರ್ಡ್
ಬಕೆಟ್ಟು ನೀರು ಸುರಿಯುವ ತನಕ
ನಾವು ದೇವದೂತರು,
ಆಮೇಲೆ ಒದ್ದೆ ಹುಡುಗರು.

ಹಾಡು ಕಟ್ಟಿದ್ದು ಆಂಬ್ರೋಸ್,
ಮೀನಿನಂಗಡಿಯಲ್ಲಿ, ಮೀನು ಸುತ್ತುವ ಕಾಗದದ ಮೇಲೆ.
ಹಾಳೆ ಮೂಗಿಗೆ ಹಿಡಿದರೆ ಕಡಲು.
ಹಾಡಿನ ತುಂಬ ಒಂದೇ ಹೆಸರು: ವರ್ಡೆಲ್.

ಜೋಡಿನಂಗಡಿಯ ಹಿಂದಿನ ಕೋಣೆಯಲ್ಲಿ
ಐವರಿಗೂ ಸೇರಿ ಒಂದು ಮೈಕು.
ಉದ್ದದವನು ನಾನು, ಮೊಣಕಾಲು ಮಡಿಸಿ ನಿಂತೆ.
ಗಾಜಿನಾಚೆ ವರ್ಡೆಲ್,
ತೋಳ ಮೇಲೆ ಆಂಬ್ರೋಸನ ಕೋಟು.
ಮೂರನೇ ಚರಣಕ್ಕೆ ಮುನ್ನ
ಎಲ್ಲರೂ ಉಸಿರೆಳೆದುಕೊಳ್ಳುವ ಸಂದಿನಲ್ಲಿ
ಅವಳು ತಲೆಯೆತ್ತಿದಳು, ನನ್ನ ಕಡೆಗೆ.
ನನ್ನ ಡೂಂ ಜಾರಿಬಿತ್ತು
ಅರೆ ಎಣಿಕೆ ಮೊದಲು,
ಇಲ್ಲದ ಮೆಟ್ಟಿಲಿಗೆ
ಕತ್ತಲಲ್ಲಿ ಕಾಲಿಟ್ಟವನ ಹಾಗೆ.

ಇನ್ನೊಮ್ಮೆ ಹಾಡೋಣ ಅಂದ ಆಂಬ್ರೋಸ್.
ನನ್ನ ತಲೆಯ ಮೇಲೆಲ್ಲೋ ದಿಟ್ಟಿಸಿ
ಅಂಗಡಿಯವನು ದೀಪ ಆರಿಸಿದ.
ನಲವತ್ತು ಡಾಲರು, ಐದು ಸ್ಯಾಂಡ್‌ವಿಚ್ಚು.
ಇದ್ದದ್ದು ಇದ್ದಂತೆಯೇ ಅಚ್ಚಾಯಿತು.
ಕೋಟು ತೊಡುತ್ತ ಆಂಬ್ರೋಸ್ ನನ್ನ ನೋಡದೆ ಅಂದ:
‘ನನ್ನ ಹಾಡು, ನಿನ್ನ ಎಡಗಾಲು.’

ಊರಿನ ರೇಡಿಯೋದಲ್ಲಿ ಹನ್ನೊಂದು ವಾರ, ಮುಗಿಯಿತು.
ಡೆಲನೋ ಸೇನೆಗೆ ಹೋದ, ಕ್ಲೀವನ್ ಸೆರೆಮನೆಗೆ,
ನಾನು ಬಸ್ ಡಿಪೋಗೆ.
ವರ್ಡೆಲ್ ಟ್ರೆಂಟನ್ನಿನ ದಂತವೈದ್ಯನ ಕೈ ಹಿಡಿದಳು.
ಆಂಬ್ರೋಸ್ ಮೀನು ಸುತ್ತುತ್ತಲೇ ಇದ್ದ.

ಎಂಬತ್ತಮೂರು. ಸ್ಟಿಯರಿಂಗಿನ ಮೇಲೆ ನನ್ನ ಕೈ.
ಹಿಂದಿನ ಸೀಟಿನ ಹುಡುಗಿಯ ಟೇಪ್‌ರೆಕಾರ್ಡರಿನಲ್ಲಿ
ಗುರುತಿನ ರಾಗ, ಗುರುತಿಲ್ಲದ ಗಂಟಲು.
ಕಡಲಾಚೆಯ ಮೂವರು ಬಿಳಿ ಹುಡುಗರಂತೆ,
ಕಣ್ಣಿಗೆ ಕಾಡಿಗೆಯಂತೆ.
ವರ್ಡೆಲ್ ಇದ್ದಲ್ಲೆಲ್ಲ ‘ಟುನೈಟ್’,
ಬಾಡಿಗೆ ಮನೆಯ ಬಾಗಿಲಲ್ಲಿ
ಹೆಸರಿನ ಹಲಗೆ ಬದಲಿಸಿದಷ್ಟು ಸಲೀಸು.
ಐದು ಗಂಟಲಿನ ಜಾಗಕ್ಕೆ ಒಂದು ಯಂತ್ರ.
ಬೈಯಲೆಂದು ಬಾಯಿ ತೆರೆದೆ.
ಅಷ್ಟರಲ್ಲಿ ಮೂರನೇ ಚರಣ, ಆ ಸಂದು,

ಡೂಂ.

ಅರೆ ಎಣಿಕೆ ಮೊದಲು!
ಹೆಸರು ಬಿಟ್ಟವರು ತಪ್ಪು ಬಿಟ್ಟಿರಲಿಲ್ಲ.
ನಾನು ಎಡವಿದ್ದನ್ನು ಕೂದಲು ಸೀಳಿ ಅಳೆದು
ಅಲ್ಲಿಯೇ, ಹಾಗೆಯೇ ಇಟ್ಟಿದ್ದರು.
ಯಂತ್ರ ನನ್ನಂತೆಯೇ ತಾಳ ತಪ್ಪಿತು,
ಒಂದಿಷ್ಟೂ ತಪ್ಪದೆ.
ಎರಡು ಸ್ಟಾಪು ನಿಲ್ಲಿಸದೆ ಹೋದೆ ಅವತ್ತು.
ಮುದುಕಿಯೊಬ್ಬಳು ಗಂಟೆ ಎಳೆದೆಳೆದು
ನನ್ನ ವಂಶವನ್ನೇ ಶಪಿಸಿದಳು.

ಆಂಬ್ರೋಸನನ್ನು ಮಣ್ಣು ಮಾಡಿದ ದಿನ
ವರ್ಡೆಲ್ ಬಂದಳು. ನೇರಳೆ ಟೋಪಿ, ಊರುಗೋಲು.
ಅರ್ಧ ಶತಮಾನ ಕಚ್ಚಿಹಿಡಿದದ್ದನ್ನು ಕೇಳಿಯೇಬಿಟ್ಟೆ:
ಅವತ್ತು, ಗಾಜಿನಾಚೆಯಿಂದ, ನೋಡಿದೆಯಲ್ಲ ನನ್ನ?
ಅವಳು ಯೋಚಿಸಿದಳು,
ನಿಜವಾಗಿಯೂ ಯೋಚಿಸಿದಳು.
‘ನಿನ್ನ ತಲೆಯ ಮೇಲೆ ಗಡಿಯಾರ ಇತ್ತು.
ಕಡೆಯ ಬಸ್ಸು ಹತ್ತೂಕಾಲಿಗೆ.’

ನಕ್ಕೆವು, ಸ್ಮಶಾನದಲ್ಲಿ ನಗಬಾರದಷ್ಟು.

ಮರಳುವಾಗ ಕಾರಿನಲ್ಲಿ ಆಂಬ್ರೋಸನ ಮೊಮ್ಮಗ
ತಾತನ ಹಾಡು ಎಂದು ಹಾಕಿದ್ದು
ಪಾಪ, ಕಾಡಿಗೆಯ ಹುಡುಗರದ್ದು.
ನಾವು ತಿದ್ದಲಿಲ್ಲ.
‘ಟುನೈಟ್’ ಬಂದಾಗಲೆಲ್ಲ
ವರ್ಡೆಲ್ ತುಟಿ ಬಿಗಿದು ಕಿಟಕಿಯಾಚೆ ನೋಡಿದಳು.
ಮೂರನೇ ಚರಣ ಹತ್ತಿರವಾಯಿತು.
ಊರುಗೋಲು ಒಮ್ಮೆ ಕುಟ್ಟಿತು ಕಾರಿನ ನೆಲಕ್ಕೆ,
ಯಂತ್ರಕ್ಕಿಂತ
ಒಂದು ಕೂದಲೆಳೆ ಮೊದಲು.